ಹಳದಿ ದೀಪ ಮತ್ತೆ ಹತ್ತಿದೆ

ಎಂಜಿನ್ ಚಿತ್ರದ ಹಳದಿ ದೀಪ ಹತ್ತಿದ್ದು ಆರುತ್ತಲೇ ಇಲ್ಲ ಎಂಬ ಪತ್ರಗಳೇ ಈ ಸಲ ರಾಶಿ ಬಿದ್ದಿವೆ. ಹೆಚ್ಚಿನವು ಹತ್ತು ವರ್ಷ ದಾಟಿದ ಕಾರುಗಳು. ಕಂಪನಿ ಮತ್ತು ಮಾದರಿಗಳ ಹೆಸರನ್ನು ಬೇಕೆಂದೇ ತೆಗೆದಿದ್ದೇನೆ. ಈ ಕಾಯಿಲೆಗೆ ಬ್ರ್ಯಾಂಡ್ ಭೇದವಿಲ್ಲ. ಹೆಸರು ಹಾಕಿದರೆ ಅದೇ ಕಾರಿಟ್ಟುಕೊಂಡವರೆಲ್ಲ ಗಾಬರಿಯಾಗುತ್ತಾರೆ, ಉಳಿದವರು ತಮಗಲ್ಲವೆಂದು ಪುಟ ತಿರುಗಿಸುತ್ತಾರೆ.

ಪ್ರಶ್ನೆ: ಬೆಂಗಳೂರಿನಲ್ಲಿ ಕೊಂಡ 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್ ನನ್ನದು. 1,18,000 ಕಿ.ಮೀ. ಓಡಿದೆ. ಕಳೆದ ವರ್ಷದಿಂದ ಎಂಜಿನ್ ದೀಪದ ಕಾಟ. ಊರಿನ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿದಾಗ ಪಿ0171 ಬಂತು. ಆಕ್ಸಿಜನ್ ಸೆನ್ಸರ್ ಹೋಗಿದೆ ಎಂದರು, ಹಾಕಿಸಿದೆ. ನಾಲ್ಕೈದು ದಿನ ಆರಿದ್ದ ದೀಪ ಮತ್ತೆ ಬಂತು. ಆಮೇಲೆ ಹಿಂದಿನ ಸೆನ್ಸರ್, ಪ್ಲಗ್, ಥ್ರಾಟಲ್ ಬಾಡಿ ಕ್ಲೀನಿಂಗ್ ಎಲ್ಲ ಆಯಿತು. ಹನ್ನೊಂದು ಸಾವಿರ ಕೈಬಿಟ್ಟಿತು. ಬೆಳಿಗ್ಗೆ ಎರಡು ಮೂರು ಸಲ ಸೆಲ್ಫ್ ಹೊಡೆದ ಮೇಲೇ ಸ್ಟಾರ್ಟ್ ಆಗುವುದು. ಆಗುಂಬೆ ಘಾಟಿಯಲ್ಲಿ ಎಷ್ಟು ರೇಸ್ ಕೊಟ್ಟರೂ ಎಳೆಯುವುದಿಲ್ಲ. ಅಕ್ಕನ ಮಗ ತನ್ನ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿ ಫೋನಿನಲ್ಲಿ ಏನೋ ತೋರಿಸಿದ: ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಸುಮ್ಮನೆ ನಿಂತಾಗ +9, 2500 ಆರ್‌ಪಿಎಂಗೆ ಏರಿಸಿದಾಗ +15, ಘಾಟಿಯಲ್ಲಿ +24. ಇದರ ಅರ್ಥವೇನು? ಕಾರು ಮಾರಿಬಿಡಲೇ?
— ನಿವೃತ್ತ ಉಪನ್ಯಾಸಕರು, ತೀರ್ಥಹಳ್ಳಿ

ಉತ್ತರ: ಮಾರಬೇಡಿ ಸಾರ್. ನಿಮ್ಮ ಅಕ್ಕನ ಮಗ ತೋರಿಸಿದ ಆ ಮೂರು ಸಂಖ್ಯೆಗಳಲ್ಲಿ ನೀವು ಸುರಿದ ಹನ್ನೊಂದು ಸಾವಿರಕ್ಕೆ ಸಿಗದ ಉತ್ತರ ಇದೆ.

ಪಿ0171 ಅಂದರೆ ಆಕ್ಸಿಜನ್ ಸೆನ್ಸರ್ ಹಾಳಾಗಿದೆ ಎಂದಲ್ಲ. ಒಳಗೆ ಬರುತ್ತಿರುವ ಗಾಳಿಗೆ ತಕ್ಕ ಪೆಟ್ರೋಲ್ ಸಿಗುತ್ತಿಲ್ಲ, ಹೆಚ್ಚಿಗೆ ಕೊಟ್ಟು ಕೊಟ್ಟು ನನ್ನ ಮಿತಿ ಮುಗಿಯಿತು ಎಂದು ಎಂಜಿನ್ ಕಂಪ್ಯೂಟರ್ ಹೇಳುತ್ತಿದೆ. ಆ ಕೊರತೆಯನ್ನು ಕಂಡುಹಿಡಿದು ತಿಳಿಸಿದ್ದು ಸೆನ್ಸರ್. ಅದನ್ನೇ ಬಿಚ್ಚಿ ಎಸೆದದ್ದು, ಕರೆಂಟ್ ಬಿಲ್ ಜಾಸ್ತಿ ಬಂತೆಂದು ಮೀಟರ್ ಓದಲು ಬಂದವನಿಗೆ ಬೈದ ಹಾಗಾಯಿತು. ಸೆನ್ಸರೇ ಕೆಟ್ಟಾಗ ಬರುವ ಕೋಡ್‌ಗಳು ಬೇರೆ. ಮುಂದಿನ ಸೆನ್ಸರಿನದಾದರೆ ಪಿ0130ರಿಂದ ಪಿ0135ರವರೆಗಿನವು. ಪಿ0135 ಬಂದರೂ ಹೊಸ ಸೆನ್ಸರ್ ಕೊಳ್ಳುವ ಮೊದಲು ಫ್ಯೂಸ್ ನೋಡಬೇಕು, ಏಕೆಂದರೆ ಅದು ಸೆನ್ಸರಿನೊಳಗಿನ ಹೀಟರ್ ಸರ್ಕ್ಯೂಟಿನ ದೂರು.

ಈಗ ಟ್ರಿಮ್ ವಿಚಾರ. ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಉರಿದ ಹೊಗೆಯಲ್ಲಿ ಆಮ್ಲಜನಕ ಮಿಕ್ಕಿದ್ದರೆ ಸೆನ್ಸರಿನ ವೋಲ್ಟೇಜ್ 0.1ರ ಕಡೆಗೆ ಇಳಿಯುತ್ತದೆ, ಪೆಟ್ರೋಲ್ ಹೆಚ್ಚಾಗಿದ್ದರೆ 0.9ರ ಕಡೆಗೆ ಏರುತ್ತದೆ. ಕಂಪ್ಯೂಟರ್ ಇದನ್ನು ನೋಡುತ್ತಾ ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹಿಗ್ಗಿಸಿ ಕುಗ್ಗಿಸಿ ಸರಿದೂಗಿಸುತ್ತದೆ. ಆ ಕ್ಷಣದ ತಿದ್ದುಪಡಿ ಶಾರ್ಟ್ ಟರ್ಮ್ ಟ್ರಿಮ್. ದಿನಗಟ್ಟಲೆ ಓಡಿ ಅಭ್ಯಾಸವಾಗಿ ಉಳಿದದ್ದು ಲಾಂಗ್ ಟರ್ಮ್. ಸೊನ್ನೆಯ ಆಚೀಚೆ ಶೇಕಡಾ ಐದಾರು ಇದ್ದರೆ ಆರೋಗ್ಯ. ಹತ್ತು ದಾಟಿದರೆ ವಿಚಾರಿಸಬೇಕು. ಇಪ್ಪತ್ತರಿಂದ ಇಪ್ಪತ್ತೈದರ ಆಸುಪಾಸಿಗೆ ಬಂದರೆ ಹೆಚ್ಚಿನ ಕಾರುಗಳಲ್ಲಿ ದೀಪ ಹತ್ತುತ್ತದೆ.

ಸೆನ್ಸರ್ ಬದಲಿಸಿದ ಮೇಲೆ ನಾಲ್ಕೈದು ದಿನ ದೀಪ ಆರಿದ್ದೇಕೆ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಗ್ಯಾರೇಜಿನವರು ಕೋಡ್ ಅಳಿಸಿದಾಗ ಕಲಿತಿದ್ದ ಟ್ರಿಮ್ ಕೂಡ ಅಳಿಸಿ ಸೊನ್ನೆಗೆ ಬಂತು. ಕಂಪ್ಯೂಟರ್ ಮತ್ತೆ ಮೊದಲಿಂದ ಕಲಿಯುತ್ತಾ +20ರ ಮೇಲೆ ಹೋಗಲು ದಿನ ಹಿಡಿಯುತ್ತದೆ. ಸಾಲದ್ದಕ್ಕೆ, ಈ ಬಗೆಯ ದೋಷ ಒಂದೇ ಓಟದಲ್ಲಿ ಕಂಡರೆ ದೀಪ ಹತ್ತುವುದಿಲ್ಲ. ಬೇರೆ ಬೇರೆ ಎರಡು ಓಟಗಳಲ್ಲಿ ಕಾಣಬೇಕು. ಈ ಬಿಡುವಿನಲ್ಲೇ ಎಷ್ಟೋ ಗ್ಯಾರೇಜುಗಳು ರಿಪೇರಿ ಆಯಿತೆಂದು ಬಿಲ್ ಕೊಟ್ಟುಬಿಡುತ್ತವೆ. ಎಲ್ಲರೂ ಮೋಸಗಾರರಲ್ಲ. ದೀಪ ಆರಿದ್ದು ಅವರಿಗೂ ನಿಜವೆಂದೇ ಕಂಡಿರುತ್ತದೆ.

ನಿಮ್ಮ ಮೂರು ಸಂಖ್ಯೆಗಳನ್ನು ಸಾಲಾಗಿ ನೋಡಿ. ಎಂಜಿನ್ ಕೇಳುವ ಪೆಟ್ರೋಲ್ ಹೆಚ್ಚಿದಂತೆ ಕೊರತೆಯೂ ಹೆಚ್ಚಿದೆ. ಎಲ್ಲೋ ಒಂದು ಪೈಪ್ ಸೀಳಿ ಕಳ್ಳಗಾಳಿ ನುಗ್ಗುತ್ತಿದ್ದರೆ ಇದರ ತಿರುಗುಮುರುಗು ಇರುತ್ತಿತ್ತು: ಸುಮ್ಮನೆ ನಿಂತಾಗ ದೊಡ್ಡ ಸಂಖ್ಯೆ, ವೇಗ ಏರಿದಂತೆ ಚಿಕ್ಕದು. ಸಣ್ಣ ತೂತಿನ ಗಾಳಿ ನಿಂತ ಎಂಜಿನ್ನಿಗೆ ದೊಡ್ಡ ಪಾಲು, ಓಡುವ ಎಂಜಿನ್ನಿಗೆ ಲೆಕ್ಕಕ್ಕಿಲ್ಲ. ಆ ಸೂತ್ರ ಚೆನ್ನಾಗಿ ಹೊಂದುವುದು ಏರ್ ಫಿಲ್ಟರ್ ಪಕ್ಕದಲ್ಲಿ ಎಂಎಎಫ್ ಎಂಬ ಗಾಳಿ ಅಳೆಯುವ ಸೆನ್ಸರ್ ಇರುವ ಕಾರುಗಳಿಗೆ. ನಮ್ಮ ಸಣ್ಣ ಪೆಟ್ರೋಲ್ ಕಾರುಗಳಲ್ಲಿ ಅನೇಕವು ಗಾಳಿಯನ್ನು ನೇರ ಅಳೆಯದೆ, ಮ್ಯಾನಿಫೋಲ್ಡಿನ ಒತ್ತಡ ನೋಡಿ ಅಂದಾಜು ಕಟ್ಟುತ್ತವೆ. ಅವುಗಳಲ್ಲಿ ಗಾಳಿ ಸೋರಿದರೆ ಒತ್ತಡವೂ ಏರಿ, ಅದಕ್ಕೆ ತಕ್ಕ ಪೆಟ್ರೋಲೂ ಹೋಗಿ, ಕಡೆಗೆ ಐಡಲ್ ವೇಗ ಏರಿ ಕೂರುತ್ತದೆಯೇ ಹೊರತು ಟ್ರಿಮ್ ಅಷ್ಟು ಕೆಡುವುದಿಲ್ಲ. ಅಂತರ್ಜಾಲದ ವಿಡಿಯೊ ನೋಡಿ ಎಲ್ಲ ಪೈಪುಗಳಿಗೂ ಸ್ಪ್ರೇ ಹೊಡೆಯುವವರು ಇದನ್ನು ಮರೆಯುತ್ತಾರೆ.

ಬೆಳಗಿನ ಸೆಲ್ಫ್, ಘಾಟಿಯ ಸುಸ್ತು, ಏರುತ್ತಾ ಹೋಗುವ ಟ್ರಿಮ್, ಮೂರೂ ಪೆಟ್ರೋಲ್ ಪಂಪಿನ ಕಡೆಗೇ ಕೈ ತೋರಿಸುತ್ತಿವೆ. ಪಂಪು ಟ್ಯಾಂಕಿನೊಳಗಿದೆ. ಅದರಲ್ಲಿರುವ ಚೆಕ್ ವಾಲ್ವ್ ಸಡಿಲವಾದರೆ ರಾತ್ರಿ ಪೈಪಿನ ಒತ್ತಡವೆಲ್ಲ ಇಳಿದು, ಬೆಳಿಗ್ಗೆ ಮತ್ತೆ ತುಂಬುವವರೆಗೆ ಎಂಜಿನ್ ಹಿಡಿಯುವುದಿಲ್ಲ. ಹಾಗೆಂದು ನಾಳೆಯೇ ಹೋಗಿ ಪಂಪು ಹಾಕಿಸಬೇಡಿ. ಆಗ ನಾನೂ ಆ ಗ್ಯಾರೇಜಿನವರ ಸಾಲಿಗೇ ಸೇರುತ್ತೇನೆ. ಮೊದಲು ಬೆಳಿಗ್ಗೆ ತಣ್ಣಗಿರುವ ಎಂಜಿನ್ ಸ್ಟಾರ್ಟ್ ಮಾಡಿ, ಮುಂದಿನ ಸೆನ್ಸರಿಗಿಂತ ಮೇಲೆ ಎಕ್ಸಾಸ್ಟ್ ಜೋಡಣೆಯಲ್ಲಿ ಟಿಕ್ ಟಿಕ್ ಸದ್ದು ಇದೆಯೇ ಕೇಳಿಸಿಕೊಳ್ಳಿ. ಅಲ್ಲಿ ಸೋರಿಕೆಯಿದ್ದರೆ ಹೊರಗಾಳಿ ಒಳಗೆ ಸೇರಿ ಸೆನ್ಸರ್ ಸುಳ್ಳು ಕೊರತೆ ತೋರಿಸುತ್ತದೆ. ಅದಿಲ್ಲವೆಂದಾದರೆ ಇಂಜೆಕ್ಟರುಗಳಿಗೆ ಹೋಗುವ ಪೈಪಿಗೆ ಪ್ರೆಷರ್ ಗೇಜ್ ಹಾಕಿಸಿ. ಈ ಬಗೆಯ ಎಂಜಿನ್ನುಗಳಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಇರಬೇಕು. ನಿಮ್ಮ ಕಾರಿನ ಸರಿಯಾದ ಅಂಕಿ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ರೇಸ್ ಕೊಟ್ಟಾಗ ಮುಳ್ಳು ಕುಸಿದರೆ, ಅಥವಾ ಎಂಜಿನ್ ಆಫ್ ಮಾಡಿದ ಕೆಲವೇ ನಿಮಿಷಗಳಲ್ಲಿ ಸೊನ್ನೆಗೆ ಬಂದರೆ ಅನುಮಾನ ಗಟ್ಟಿ. ಆಗಲೂ ಒಂದು ಕೆಲಸ ಬಾಕಿ: ಪಂಪಿನ ಕಪ್ಲರಿನಲ್ಲಿ ವೋಲ್ಟೇಜ್ ಅಳೆಯಿರಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 14 ಇದ್ದು ಪಂಪಿನ ಬಳಿ 11 ಇದ್ದರೆ ತಪ್ಪು ಪಂಪಿನದಲ್ಲ. ತುಕ್ಕು ಹಿಡಿದ ಅರ್ತ್ ಅಥವಾ ಸುಟ್ಟ ರಿಲೇ ಇರುತ್ತದೆ. ನಿಮ್ಮ ಊರಿನ ಮಳೆಗೆ ಅರ್ತ್ ತುಕ್ಕು ಹಿಡಿಯುವುದು ಹೊಸದೇನಲ್ಲ. ಪಂಪಿಗೇ ಹೊಸ ಯೂನಿಟ್ ಬೇಕಾದರೆ, ಅನೇಕ ಕಾರುಗಳಲ್ಲಿ ಫಿಲ್ಟರ್, ರೆಗ್ಯುಲೇಟರ್ ಕೂಡ ಅದರ ಜೊತೆಗೇ ಬರುತ್ತವೆ.

ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಮಾತೂ ಸೇರಿಸಬೇಕು, ಏಕೆಂದರೆ ಬಂಕಿನವರನ್ನು ಬೈದು ಬಂದ ಪತ್ರಗಳೂ ಇವೆ. ಎಥನಾಲಿನಲ್ಲೇ ಆಮ್ಲಜನಕ ಇರುವುದರಿಂದ 14.7ರ ಲೆಕ್ಕ ಇ20ಗೆ ಸುಮಾರು 13.5ಕ್ಕೆ ಇಳಿಯುತ್ತದೆ. ಎಂದರೆ ಬರಿಯ ಪೆಟ್ರೋಲಿಗೆ ಹೋಲಿಸಿದರೆ ಶೇಕಡಾ ಎಂಟರಷ್ಟು, ಇ10ಗೆ ಹೋಲಿಸಿದರೆ ನಾಲ್ಕರಷ್ಟು ಹೆಚ್ಚು ಸುರಿಯಬೇಕು. ಇದಿಷ್ಟೇ ಆದರೆ ದೀಪ ಹತ್ತುವುದಿಲ್ಲ. ಆದರೆ ಪಂಪು ಮೊದಲೇ ಸೊರಗಿ ಟ್ರಿಮ್ +18ರಲ್ಲಿ ಕೂತಿದ್ದ ಕಾರನ್ನು ಈ ನಾಲ್ಕು ಸಲೀಸಾಗಿ ಗೆರೆ ದಾಟಿಸುತ್ತದೆ. ನಿಮ್ಮಲ್ಲಿ ಆದದ್ದೂ ಬಹುಶಃ ಇದೇ.

ಪ್ರಶ್ನೆ: ಮಳೆ ಹಿಡಿದರೆ ಸಾಕು, ಕಾರು ಮಿಸ್ ಹೊಡೆದು ಗಡಗಡ ನಡುಗುತ್ತದೆ. ಎಂಜಿನ್ ದೀಪ ಮಿಣುಕಿ ಮಿಣುಕಿ ಆಮೇಲೆ ನಿಂತು ಉರಿಯುತ್ತದೆ. ಕೋಡ್ ಪಿ0303. ಎರಡು ದಿನ ಬಿಸಿಲು ಬಂದರೆ ಸರಿ. ಹಾಗೇ ಓಡಿಸಬಹುದೇ?
— ಅಡಿಕೆ ಬೆಳೆಗಾರ, ಪುತ್ತೂರು

ಉತ್ತರ: ನಿಂತು ಉರಿಯುವ ದೀಪದಲ್ಲಿ, ಕಾರು ಸರಿಯಾಗಿ ಎಳೆಯುತ್ತಿದ್ದರೆ, ಮನೆ ಸೇರಬಹುದು. ಮಿಣುಕುವ ದೀಪದಲ್ಲಿ ಬೇಡ. ಉರಿಯದ ಪೆಟ್ರೋಲ್ ನೇರ ಸೈಲೆನ್ಸರಿನ ಕಡೆ ಹೋಗುತ್ತಿದೆ ಎಂದು ಆ ಮಿಣುಕಿನ ಅರ್ಥ. ಅದು ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಂಡು ಅದನ್ನು ಕರಗಿಸುತ್ತದೆ. ಒಂದು ಕಾಯಿಲ್ ಉಳಿಸಲು ಹೋಗಿ ಅದರ ಹತ್ತು ಪಟ್ಟು ಬೆಲೆಯ ವಸ್ತುವನ್ನು ಸುಡುವುದು ನಷ್ಟದ ಬಾಬ್ತು. ಕಾಲು ಹಗುರ ಮಾಡಿ, ಮಿಣುಕು ನಿಲ್ಲದಿದ್ದರೆ ಬದಿಗೆ ಹಾಕಿ.

ಪಿ0303 ಎಂದರೆ ಮೂರನೇ ಸಿಲಿಂಡರ್. ಹೆಚ್ಚಿನ ಎಂಜಿನ್ನುಗಳಲ್ಲಿ ಎಣಿಕೆ ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಕಡೆಯಿಂದ. ಪ್ಲಗ್ ಒಂದಕ್ಕೆ ಕಾಯಿಲ್ ಒಂದು ಇರುವ ಕಾರಾದರೆ ಖರ್ಚಿಲ್ಲದ ಪರೀಕ್ಷೆಯಿದೆ: ಮೂರನೆಯದರ ಕಾಯಿಲನ್ನು ಒಂದನೆಯದಕ್ಕೂ ಒಂದನೆಯದನ್ನು ಮೂರನೆಯದಕ್ಕೂ ಹಾಕಿ, ಕೋಡ್ ಅಳಿಸಿ ಓಡಿಸಿ. ಪಿ0301 ಬಂದರೆ ಕಾಯಿಲೇ ಕಳ್ಳ. ಪಿ0303ರಲ್ಲೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಅಲ್ಲೂ ಬದಲಾಗದಿದ್ದರೆ ಇಂಜೆಕ್ಟರ್ ವೈರು, ಕಡೆಗೆ ಕಂಪ್ರೆಷನ್. ಎರಡು ಸಿಲಿಂಡರಿಗೆ ಒಂದೇ ಕಾಯಿಲ್ ಇರುವ ಹಳೆಯ ಮಾದರಿಯಲ್ಲಿ ಮೂರನೆಯದರ ಜೊತೆ ಎರಡನೆಯದೂ ಮಿಸ್ ಹೊಡೆಯಬೇಕಿತ್ತು. ಒಂದೇ ಮಿಸ್ ಹೊಡೆಯುತ್ತಿದ್ದರೆ ಪ್ಲಗ್ ವೈರ್ ನೋಡಿ.

ಮಳೆಯಲ್ಲೇ ಆಗುತ್ತದೆ ಎಂದಿದ್ದೀರಿ. ಬಾನೆಟ್ಟಿನ ಹಿಂಬದಿಯ ನೀರು ಇಳಿಯುವ ದಾರಿಯಲ್ಲಿ ಎಲೆ ಕಟ್ಟಿಕೊಂಡು ನೀರು ಪ್ಲಗ್ ಕುಳಿಗೆ ಇಳಿಯುತ್ತಿದೆಯೇ ನೋಡಿ. ಕಾಯಿಲ್ ಎಳೆದಾಗ ರಬ್ಬರ್ ತುದಿಯಲ್ಲಿ ಬೂದುಬಣ್ಣದ ಗೆರೆ ಕಂಡರೆ ಕಿಡಿ ಅಲ್ಲಿಂದ ಸೋರುತ್ತಿದೆ. ಇನ್ನೊಂದು, ಕಾರು ನಿಲ್ಲುವುದು ಅಡಿಕೆ ದಾಸ್ತಾನಿನ ಪಕ್ಕದಲ್ಲಾದರೆ ಇಲಿ. ಅರ್ಧ ಕಡಿದ ವೈರು ಒಣಗಿದಾಗ ಕೆಲಸ ಮಾಡಿ ಒದ್ದೆಯಾದಾಗ ಕೈಕೊಡುತ್ತದೆ, ಅದನ್ನು ಯಾವ ಸ್ಕ್ಯಾನರೂ ಹೇಳುವುದಿಲ್ಲ. ಟಾರ್ಚ್ ಹಿಡಿದು ನೋಡಲೇಬೇಕು.

ಪ್ರಶ್ನೆ: ಪಿ0420 ಬಂದಿದೆ. ಶೋರೂಮಿನವರು ಕ್ಯಾಟಲಿಟಿಕ್ ಕನ್ವರ್ಟರ್ ಬದಲಿಸಬೇಕೆಂದು ಕಾರಿನ ಕಾಲುಭಾಗದ ಬೆಲೆ ಹೇಳಿದರು. ಹೊರಗಿನ ಗ್ಯಾರೇಜಿನವನು ಒಳಗಿನದನ್ನು ಒಡೆದು ತೆಗೆದು, ಹಿಂದಿನ ಸೆನ್ಸರಿಗೆ ಒಂದು ಅಡಾಪ್ಟರ್ ಕೊಟ್ಟರೆ ದೀಪ ಬರುವುದೇ ಇಲ್ಲ, ಹಳೆಯ ಮಾಲು ತನಗೆ ಬಿಟ್ಟರೆ ಕೂಲಿಯೂ ಬೇಡ ಎನ್ನುತ್ತಾನೆ.
— ಬ್ಯಾಂಕ್ ಉದ್ಯೋಗಿ, ಬೆಂಗಳೂರು

ಉತ್ತರ: ಕೂಲಿ ಬೇಡ ಎಂದದ್ದು ಯಾಕೆಂದು ಕೇಳಿ. ಅದರೊಳಗಿನ ಜೇನುಗೂಡಿನಂಥ ತಿರುಳಿಗೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೇಪವಿರುತ್ತದೆ. ಗುಜರಿಯಲ್ಲೂ ಅದಕ್ಕೆ ಒಳ್ಳೆಯ ಬೆಲೆಯಿದೆ. ಒಡೆದು ತೆಗೆದ ಕಾರು ಎಮಿಷನ್ ಟೆಸ್ಟ್‌ನಲ್ಲಿ ಪೇಚಾಡುತ್ತದೆ, ವಾಸನೆ ಒಳಗೆ ಬರುತ್ತದೆ. ಕಂಪನಿ ಕೊಟ್ಟದ್ದನ್ನು ಹೀಗೆ ಬದಲಿಸುವುದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿಗೂ ಒಗ್ಗದು.

ಶೋರೂಮಿನ ಎಸ್ಟಿಮೇಟಿಗೂ ಈಗಲೇ ತಲೆಯಾಡಿಸಬೇಡಿ. ಫೋನಿನ ಆ್ಯಪಿನಲ್ಲಿ ಎರಡೂ ಸೆನ್ಸರಿನ ವೋಲ್ಟೇಜ್ ಗ್ರಾಫ್ ಒಟ್ಟಿಗೆ ತೆರೆಯಿರಿ. ಎಂಜಿನ್ ಬಿಸಿಯಾಗಿರಲಿ, 2500 ಆರ್‌ಪಿಎಂ ಹಿಡಿದಿರಲಿ. ಮುಂದಿನದು ಮೇಲೆ ಕೆಳಗೆ ಕುಣಿಯಬೇಕು, ಹಿಂದಿನದು 0.6–0.7ರ ಬಳಿ ಹೆಚ್ಚು ಅಲುಗಾಡದೆ ಇರಬೇಕು. ಹಿಂದಿನದೂ ಮುಂದಿನದರ ಜೊತೆ ಹೆಜ್ಜೆ ಹಾಕಿ ಕುಣಿಯುತ್ತಿದ್ದರೆ ಮಾತ್ರ ಕನ್ವರ್ಟರಿನ ಶಕ್ತಿ ಕುಂದಿದೆ. ಆಗಲೂ ಎರಡರ ನಡುವೆ ಎಕ್ಸಾಸ್ಟ್ ಸೋರುತ್ತಿಲ್ಲ ಎಂದು ಖಾತರಿ ಮಾಡಿಕೊಳ್ಳಿ.

ಕನ್ವರ್ಟರ್ ತನ್ನಷ್ಟಕ್ಕೆ ಸಾಯುವುದು ಕಡಿಮೆ. ಹಳೆಯ ಮಿಸ್‌ಫೈರ್ ಅದನ್ನು ಸುಟ್ಟಿರುತ್ತದೆ, ಇಲ್ಲವೇ ಎಂಜಿನ್ ಆಯಿಲ್ ಕುಡಿಯುತ್ತಾ ಅದಕ್ಕೆ ಲೇಪ ಬಳಿದಿರುತ್ತದೆ. ಸಾವಿರ ಕಿ.ಮೀ.ಗೆ ಎಷ್ಟು ಆಯಿಲ್ ಇಳಿಯುತ್ತದೆ ಎಂದು ಡಿಪ್‌ಸ್ಟಿಕ್ ನೋಡಿ ಬರೆದಿಡಿ. ಆ ರೋಗ ಬಿಟ್ಟು ಹೊಸ ಕನ್ವರ್ಟರ್ ಹಾಕಿದರೆ ಅದಕ್ಕೂ ಅದೇ ಗತಿ.

ಪ್ರಶ್ನೆ: ನಮ್ಮ ಮಗ ಸ್ಯಾನ್ ಹೊಸೆಯಲ್ಲಿದ್ದಾನೆ. ಎಂಜಿನ್ ದೀಪ ಹತ್ತಿದರೆ ಮೊದಲು ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಗಿ ಮಾಡಿ ಅಂತ ಫೋನಿನಲ್ಲಿ ಹೇಳ್ತಾನೆ. ಮಾಡಿದೆ, ಏನೂ ಆಗಲಿಲ್ಲ.
— ಗೃಹಿಣಿ, ಧಾರವಾಡ

ಉತ್ತರ: ಮಗನ ಮಾತು ಅವನಿರುವ ಊರಿಗೆ ಸರಿಯಮ್ಮ. ಅಮೆರಿಕದಲ್ಲಿ 1996ರ ಮಾದರಿಯಿಂದ ಒಬಿಡಿ-2 ಎಂಬ ಸ್ವಯಂ ತಪಾಸಣೆಯ ವ್ಯವಸ್ಥೆ ಕಡ್ಡಾಯ. ಅಲ್ಲಿನ ಕಾರುಗಳು ಟ್ಯಾಂಕಿನಿಂದ ಪೆಟ್ರೋಲ್ ಆವಿ ಸೋರುತ್ತಿದೆಯೇ ಎಂದು ತಾವೇ ಪರೀಕ್ಷಿಸಿಕೊಳ್ಳುತ್ತವೆ. ಮುಚ್ಚಳ ಸಡಿಲವಿದ್ದರೆ ಪಿ0455 ಥರದ ಕೋಡ್ ಹಾಕುತ್ತವೆ. ನಮ್ಮಲ್ಲಿ ಓಡುವ ಬಹುತೇಕ ಹಳೆಯ ಕಾರುಗಳಲ್ಲಿ ಆ ಸೋರಿಕೆಯ ಪರೀಕ್ಷೆಯೇ ಇಲ್ಲ. ಮುಚ್ಚಳ ಬಿಗಿ ಇರಲಿ, ಕೋಡ್ ಮಾತ್ರ ಓದಿಸಿ.

ಮಗನಿಗೆ ಒಂದು ಮಾತು ತಿಳಿಸಿ: ಕ್ಯಾಲಿಫೋರ್ನಿಯಾದಲ್ಲಿ 2000 ಮತ್ತು ಆನಂತರದ ಪೆಟ್ರೋಲ್ ಕಾರುಗಳ ಸ್ಮಾಗ್ ಚೆಕ್‌ನಲ್ಲಿ ಕಾರಿನ ಕಂಪ್ಯೂಟರನ್ನೇ ಓದುತ್ತಾರೆ. ದೀಪ ಉರಿಯುತ್ತಿದ್ದರೆ ಫೇಲ್. ಹಿಂದಿನ ದಿನ ಕೋಡ್ ಅಳಿಸಿಕೊಂಡು ಹೋದರೂ ಸಿಕ್ಕಿಬೀಳುತ್ತಾನೆ, ಸ್ವಯಂ ಪರೀಕ್ಷೆಗಳು ಮುಗಿದಿಲ್ಲವೆಂದು ವಾಪಸ್ ಕಳಿಸುತ್ತಾರೆ. ನಮ್ಮ ಎಮಿಷನ್ ಟೆಸ್ಟ್‌ನವರು ಸೈಲೆನ್ಸರಿಗೆ ಕೊಳವೆ ತೂರಿಸಿ ಅಳೆಯುತ್ತಾರೆಯೇ ಹೊರತು ಈ ದೀಪದ ತಂಟೆಗೆ ಹೋಗುವುದಿಲ್ಲ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಿ ಬಂದೆ. ಎಂಜಿನ್ ದೀಪ ಇರಲಿಲ್ಲ. ಮನೆಗೆ ತಂದ ವಾರಕ್ಕೇ ಹತ್ತಿತು. ಮೊದಲೇ ತಿಳಿಯುವ ದಾರಿ ಇತ್ತೇ?
— ಕಾಲೇಜು ಸಿಬ್ಬಂದಿ, ಕೋಲಾರ

ಉತ್ತರ: ಇತ್ತು. ಕೀ ಆನ್ ಮಾಡಿದಾಗ, ಸ್ಟಾರ್ಟ್ ಮಾಡುವ ಮುಂಚೆ, ಆ ದೀಪ ಹತ್ತಲೇಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಹತ್ತಲೇ ಇಲ್ಲವೆಂದರೆ ಯಾರೋ ಬಲ್ಬ್ ಕಿತ್ತಿದ್ದಾರೆ. ಆಯಿಲ್ ದೀಪ ಆರಿದ ಕ್ಷಣಕ್ಕೇ ಇದೂ ಆರಿದರೆ ಎರಡನ್ನೂ ಒಂದೇ ವೈರಿಗೆ ಸೇರಿಸಿರಬಹುದೆಂಬ ಗುಮಾನಿ ಇಟ್ಟುಕೊಳ್ಳಿ.

ಎರಡನೆಯದಾಗಿ, ಸ್ಕ್ಯಾನರ್ ಆ್ಯಪಿನಲ್ಲಿ ಕೋಡ್ ಅಳಿಸಿದ ಮೇಲೆ ಓಡಿದ ದೂರ ಎಂಬ ಸಾಲು ಸಿಗುತ್ತದೆ. ಎಂಬತ್ತು ಸಾವಿರ ಓಡಿದ ಕಾರಿನಲ್ಲಿ ಅದು 6 ಕಿ.ಮೀ. ಎಂದಿದ್ದರೆ ನೀವು ಬರುವ ಮುಂಚೆಯಷ್ಟೇ ಒರೆಸಿದ್ದಾರೆ. ರೆಡಿನೆಸ್ ಪಟ್ಟಿಯಲ್ಲಿ ಎಲ್ಲವೂ ಅಪೂರ್ಣ ಎಂದಿದ್ದರೂ ಅದೇ ಅರ್ಥ. ಬ್ಯಾಟರಿ ಟರ್ಮಿನಲ್ ಬಿಚ್ಚಿ ಹಾಕಿದರೂ ಅನೇಕ ಕಾರುಗಳಲ್ಲಿ ಹೀಗೇ ಆಗುತ್ತದೆ, ಹಾಗಾಗಿ ಹೊಸ ಬ್ಯಾಟರಿ ಹಾಕಿದೆವು ಎಂಬ ಸಮಜಾಯಿಷಿ ಬಂದರೆ ಬ್ಯಾಟರಿಯ ಮೇಲಿನ ತಾರೀಖು ನೋಡಿ.

ಪ್ರಶ್ನೆ: ನನ್ನ 2007ರ ಕಾರಿಗೆ ಬ್ಲೂಟೂತ್ ಸ್ಕ್ಯಾನರ್ ಸಿಕ್ಕಿಸಿದರೆ ಕನೆಕ್ಟ್ ಆಗುವುದಿಲ್ಲ. ಸ್ಕ್ಯಾನರ್ ಡೂಪ್ಲಿಕೇಟೇ?
— ಟ್ಯಾಕ್ಸಿ ಚಾಲಕ, ಚಿತ್ರದುರ್ಗ

ಉತ್ತರ: ಇರಬಹುದು, ಆದರೆ ಕಾರಿನ ವಯಸ್ಸೇ ಹೆಚ್ಚು ಸಂಭವ. ನಮ್ಮಲ್ಲಿ ಒಬಿಡಿ ನಿಯಮ ಬಂದದ್ದು ಬಿಎಸ್-4 ಕಾರುಗಳಿಗೆ, 2010ರ ಏಪ್ರಿಲಿನಲ್ಲಿ. ಒಬಿಡಿ-2 ಬಂದದ್ದು 2013ರ ಏಪ್ರಿಲಿನಲ್ಲಿ. ಅದಕ್ಕೂ ಹಿಂದಿನ ಕಾರುಗಳಲ್ಲಿ 16 ಪಿನ್ನಿನ ಸಾಕೆಟ್ ಇದ್ದರೂ ಒಳಗಿನ ಭಾಷೆ ಆಯಾ ಕಂಪನಿಯ ಸ್ವಂತದ್ದಾಗಿರಬಹುದು. ಹಳೆಯ ಮಾದರಿಗಳ ಫೈಲ್ ಇರುವ ದೊಡ್ಡ ಸ್ಕ್ಯಾನರ್ ಇಟ್ಟುಕೊಂಡ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ.

ಪ್ರಶ್ನೆ: ಹಿಂದಿನ ಆಕ್ಸಿಜನ್ ಸೆನ್ಸರಿನ ಹೀಟರ್ ಹೋಗಿದೆ, ಬೇರೇನೂ ಇಲ್ಲ ಎಂದು ಖಚಿತವಾಗಿದೆ. ಸದ್ಯಕ್ಕೆ ದುಡ್ಡಿಲ್ಲ. ದೀಪದ ಮೇಲೆ ಕಪ್ಪು ಟೇಪ್ ಅಂಟಿಸಿದರೆ ತಪ್ಪೇ?
— ವಿದ್ಯಾರ್ಥಿ, ಕಲಬುರಗಿ

ಉತ್ತರ: ಹಿಂದಿನ ಸೆನ್ಸರಿನ ಹೀಟರ್ ಹೋದರೆ ಎಂಜಿನ್ನಿಗೆ ತಕ್ಷಣ ಏನೂ ಆಗುವುದಿಲ್ಲ, ಎರಡು ತಿಂಗಳು ಕಾಯಬಹುದು. ತೊಂದರೆಯೆಂದರೆ ನೂರಾರು ದೋಷಗಳಿಗೂ ದೀಪ ಇರುವುದು ಇದೊಂದೇ. ಟೇಪಿನಡಿ ನಾಳೆ ಮಿಸ್‌ಫೈರ್ ಬಂದು ಮಿಣುಕಿದರೂ ನಿಮಗೆ ಕಾಣದು. ಆದ್ದರಿಂದ ಟೇಪ್ ಬೇಡ. ಈಗಿನ ಕೋಡನ್ನು ಚೀಟಿಯಲ್ಲಿ ಬರೆದು ಗ್ಲೌವ್ ಬಾಕ್ಸಿನಲ್ಲಿಡಿ, ಹದಿನೈದು ದಿನಕ್ಕೊಮ್ಮೆ ಗೆಳೆಯರ ಸ್ಕ್ಯಾನರ್ ಸಿಕ್ಕಿಸಿ ನೋಡಿ, ಚೀಟಿಯಲ್ಲಿಲ್ಲದ ಸಂಖ್ಯೆ ಕಂಡರೆ ಮಾತ್ರ ಗ್ಯಾರೇಜ್. ಪಕ್ಕದಲ್ಲಿರುವ ಕೆಂಪು ಆಯಿಲ್ ದೀಪಕ್ಕೆ ಈ ರಿಯಾಯಿತಿ ಇಲ್ಲ. ಓಡುವಾಗ ಅದು ಹತ್ತಿದರೆ ಬದಿಗೆ ಹಾಕಿ ಎಂಜಿನ್ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡದೆ ಟೋ ಮಾಡಿಸಿ.